ಬಲದಿಯಾ, ಪುರಸಭೆ ಮತ್ತು ನಮ್ಮ ಮನೆಯ ಚರಂಡಿ

ರಾಜ್ಯೋತ್ಸವದ ಸಂಚಿಕೆ ಹತ್ತಿರ ಬಂತೆಂದರೆ ಸಂಪಾದಕರ ಫೋನೂ ಬರುತ್ತದೆ. "ಎಲ್ಲಿ ಮಾರಾಯ್ರೆ ನಿಮ್ಮ ಅಂಕಣ? ಜಾಹೀರಾತೆಲ್ಲ ಬಂದಾಯ್ತು, ನಿಮ್ಮ ಪುಟ ಮಾತ್ರ ಖಾಲಿ!" ಪ್ರತಿ ವರ್ಷ ಈ ಪುಟಗಳಲ್ಲಿ ನಮ್ಮಂಥವರಿಗೆ ನಿತ್ಯ ಬೇಕಾಗುವ ಯಾವುದಾದರೊಂದು ವಿಷಯ ಬರೆಯುತ್ತಾ ಬಂದಿದ್ದೇನೆ. ಈ ಸಲ ವಿಷಯ ಹುಡುಕಿಕೊಟ್ಟವಳು ನನ್ನ ಕಿರಿಯ ಮಗಳು.

ಅವಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನಿಮ್ಮ ನಗರದ ಆಡಳಿತ ಹೇಗೆ ನಡೆಯುತ್ತದೆ, ಮೇಯರ್ ಯಾರು, ಸದಸ್ಯರು ಎಷ್ಟು ಮಂದಿ, ಅವರ ಕೆಲಸವೇನು, ಚಿತ್ರ ಸಹಿತ ಬರೆದು ತನ್ನಿ ಎಂದು. ರಾತ್ರಿ ಊಟಕ್ಕೆ ಕುಳಿತಾಗ ಕೇಳಿದಳು, "ಪಪ್ಪ, ನಮ್ಮ ಮೇಯರ್ ಯಾರು?" ಅಡುಗೆಮನೆಯಿಂದ ನನ್ನಾಕೆ, "ಮೊದಲು ನಮ್ಮ ನಗರ ಯಾವುದು ಅಂತ ಕೇಳು" ಎಂದಳು. ಎಲ್ಲರೂ ನಕ್ಕೆವು. ಆದರೆ ಇಪ್ಪತ್ತೇಳು ವರ್ಷದಿಂದ ಮನಾಮಾದ ಗುದೈಬಿಯಾದಲ್ಲಿ ಬಾಡಿಗೆ ಕಟ್ಟಿಕೊಂಡು ಬದುಕುತ್ತಿರುವ ನನಗೆ ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ನಿಮಗೆ ಗೊತ್ತೇ? ಒಮ್ಮೆ ನಿಮ್ಮ ಕರೆಂಟ್ ಬಿಲ್ಲನ್ನು ತೆಗೆದು ನೋಡಿ. ವಿದ್ಯುತ್ತಿನ ಲೆಕ್ಕ, ನೀರಿನ ಲೆಕ್ಕ, ಅದರ ಜೊತೆಗೆ ಮುನಿಸಿಪಾಲಿಟಿ ಶುಲ್ಕ ಎಂದು ಒಂದು ಸಾಲು ಇರುತ್ತದೆ. ಬಾಡಿಗೆಯ ಶೇಕಡಾ 10. ತಿಂಗಳಿಗೆ 200 ದಿನಾರ್ ಬಾಡಿಗೆಯಾದರೆ 20 ದಿನಾರ್ ಬಲದಿಯಾಕ್ಕೆ. ಬಾಡಿಗೆಯಲ್ಲೇ ಎಲ್ಲವೂ ಸೇರಿದೆ ಎಂದು ಮಾತಾಡಿಕೊಂಡವರಿಗೆ ಈ ಸಾಲು ಕಾಣಿಸುವುದಿಲ್ಲ, ಮನೆ ಯಜಮಾನ ಅದನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾನೆ, ಅಷ್ಟೇ! ಅಂಗಡಿ ಇಟ್ಟವರಿಗೆ ಬಲದಿಯಾ ಎಂಬ ಶಬ್ದ ಇನ್ನೂ ಚೆನ್ನಾಗಿ ಗೊತ್ತು. ಬೋರ್ಡ್ ಹಾಕಬೇಕಾದರೆ ಬಲದಿಯಾ, ಗೋಡೆ ಒಡೆದು ಬಾಗಿಲು ಇಡಬೇಕಾದರೆ ಬಲದಿಯಾ. ಆದರೆ ಆ ಬಲದಿಯಾವನ್ನು ನಡೆಸುವವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮೇಲೆ ನೋಡುತ್ತಾರೆ. ನಾನೂ ಆ ಒಂಬತ್ತರಲ್ಲಿ ಒಬ್ಬನಾಗಿದ್ದೆ. ಮಗಳ ಪ್ರಾಜೆಕ್ಟ್ ನೆಪದಲ್ಲಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನಾಮಾದ ಬಲದಿಯಾ ಹುಟ್ಟಿದ್ದು 1919ರಲ್ಲಿ. ಇಡೀ ಕೊಲ್ಲಿಯಲ್ಲೇ ಇದು ಮೊದಮೊದಲಿನ ಪುರಸಭೆಗಳಲ್ಲೊಂದು. ಎಣ್ಣೆ ಸಿಕ್ಕಿದ್ದು 1932ರಲ್ಲಿ, ಅಂದರೆ ಎಣ್ಣೆಗಿಂತ ಹದಿಮೂರು ವರ್ಷ ಹಿರಿಯದು ಈ ಬಲದಿಯಾ! ಆಗ ಮನಾಮಾ ಎಂದರೆ ಮುತ್ತಿನ ವ್ಯಾಪಾರದ ಬಂದರು. ಬೀದಿ ಗುಡಿಸುವುದು, ದೀಪ ಹಚ್ಚುವುದು, ರಾತ್ರಿ ಕಾವಲು, ಮಾರುಕಟ್ಟೆಯ ಶಿಸ್ತು, ಇವು ಅದರ ಕೆಲಸ. ಊರಿನಲ್ಲಿ ಅರಬರಿದ್ದರು, ಪರ್ಷಿಯನ್ನರಿದ್ದರು, ಯಹೂದಿಗಳಿದ್ದರು, ಸಿಂಧ್ ಕಡೆಯಿಂದ ಬಂದ ನಮ್ಮ ಹಿಂದೂ ವರ್ತಕರೂ ಇದ್ದರು. ಹಾಗಾಗಿ ಆರಂಭದ ದಶಕಗಳಲ್ಲಿ ಸಮುದಾಯವಾರು ಸ್ಥಾನ ಹಂಚಿಕೆ ಇತ್ತು, ಕೆಲವರು ಆಯ್ಕೆಯಾಗಿ ಬಂದರೆ ಕೆಲವರು ನೇಮಕವಾಗಿ ಬರುತ್ತಿದ್ದರು, ಭಾರತೀಯ ವರ್ತಕರಿಗೂ ಆ ಸಭೆಯಲ್ಲಿ ಕುರ್ಚಿ ಇತ್ತು. ಆಸ್ತಿಯಿದ್ದ ಮಹಿಳೆಯರೂ ಆ ಕಾಲದಲ್ಲೇ ಮತ ಹಾಕಿದ್ದರು ಎಂದು ಇಲ್ಲಿಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 1927ರಲ್ಲಿ ಮುಹರಕ್‌ಗೂ ತನ್ನದೇ ಬಲದಿಯಾ ಆಯಿತು. ನಮ್ಮ ಕಡೆಯ ಲೆಕ್ಕಕ್ಕೆ ಹೋಲಿಸಿದರೆ, ಮಂಗಳೂರಿನ ಪುರಸಭೆ 1866ರದ್ದು, ಉಡುಪಿಯದ್ದು 1935ರದ್ದು. ಅಂದರೆ ಮನಾಮಾ ನಡುವಿನದು.

ಮಧ್ಯದ ಹಲವು ದಶಕಗಳನ್ನು ಬಿಟ್ಟು ಈ ಶತಮಾನಕ್ಕೆ ಬರೋಣ. 2001ರಲ್ಲಿ ಹೊಸ ಪುರಸಭಾ ಕಾನೂನು ಬಂತು. ಮನಾಮಾ, ಮುಹರಕ್, ಉತ್ತರ, ಮಧ್ಯ, ದಕ್ಷಿಣ ಎಂದು ಐದು ಬಲದಿಯಾಗಳು, ಒಂದೊಂದಕ್ಕೂ ಹತ್ತು ಮಂದಿಯ ಚುನಾಯಿತ ಮಂಡಳಿ, ನಾಲ್ಕು ವರ್ಷದ ಅವಧಿ. 2002ರ ಮೇ ತಿಂಗಳಲ್ಲಿ ಚುನಾವಣೆ ನಡೆಯಿತು. ಹಳಬರಿಗೆ ನೆನಪಿರಬಹುದು, ದೀಪದ ಕಂಬಗಳಲ್ಲೆಲ್ಲ ಅಭ್ಯರ್ಥಿಗಳ ಫೋಟೊ, ಡೇರೆ ಹಾಕಿ ರಾತ್ರಿ ಹನ್ನೆರಡರವರೆಗೆ ಚಹಾ, ಖರ್ಜೂರ, ಚರ್ಚೆ. ನಾನೂ ಒಬ್ಬ ಸಹೋದ್ಯೋಗಿಯ ಜೊತೆ ಒಂದು ಡೇರೆಗೆ ಹೋಗಿ ಭಾಷಣ ಅರ್ಥವಾಗದಿದ್ದರೂ ಎರಡು ಲೋಟ ಚಹಾ ಕುಡಿದು ಬಂದಿದ್ದೆ. ಆ ಸಲ ಮಹಿಳೆಯರೂ ಸ್ಪರ್ಧಿಸಿದರು, ಆದರೆ ಒಬ್ಬರೂ ಗೆಲ್ಲಲಿಲ್ಲ. 2010ರಲ್ಲಿ ಮುಹರಕ್‌ನಿಂದ ಫಾತಿಮಾ ಸಲ್ಮಾನ್ ಗೆದ್ದು ಪುರಸಭಾ ಮಂಡಳಿಗೆ ಚುನಾಯಿತರಾದ ಮೊದಲ ಮಹಿಳೆಯಾದರು.

ಈ ವ್ಯವಸ್ಥೆಯಲ್ಲಿ ನಾವು ಹೇಳುವಂಥ ಮೇಯರ್ ಇಲ್ಲ. ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಬಲದಿಯಾದ ಕಚೇರಿ, ಸಿಬ್ಬಂದಿ, ಪರವಾನಗಿ, ಕಡತ ಎಲ್ಲ ಇರುವುದು ಮಹಾನಿರ್ದೇಶಕರ ಕೈಯಲ್ಲಿ. ಅವರು ನೇಮಕವಾಗಿ ಬಂದ ಅಧಿಕಾರಿ. ಇಲ್ಲಿ ಪಾರ್ಕ್ ಬೇಕು, ಅಲ್ಲಿ ಅಂಗಡಿ ಬೇಡ ಎಂದು ಮಂಡಳಿ ನಿರ್ಣಯ ಮಾಡುತ್ತದೆ, ನಿರ್ಣಯ ಪುರಸಭಾ ವ್ಯವಹಾರಗಳ ಸಚಿವರ ಬಳಿಗೆ ಹೋಗುತ್ತದೆ. ಸಚಿವರು ಒಪ್ಪದಿದ್ದರೆ ಹಿಂದಕ್ಕೆ ಬರುತ್ತದೆ, ಮಂಡಳಿ ಹಟ ಹಿಡಿದರೆ ವಿಷಯ ಮಂತ್ರಿಮಂಡಲದವರೆಗೆ ಏರುತ್ತದೆ. ನಮ್ಮ ಸಂಘದಲ್ಲಿ ಅಧ್ಯಕ್ಷರು ಶಾಲು ಹೊದೆಸುತ್ತಾರೆ, ಕಾರ್ಯದರ್ಶಿ ಕುರ್ಚಿ ಹೊರುತ್ತಾರೆ, ಖಜಾಂಚಿ ಇಲ್ಲ ಎನ್ನುತ್ತಾರಲ್ಲ, ಸುಮಾರಾಗಿ ಹಾಗೆಯೇ ಅಂದುಕೊಳ್ಳಿ. (ಯಾರೂ ಬೇಸರಿಸಬಾರದು, ನಾನೂ ಎರಡು ಅವಧಿ ಖಜಾಂಚಿಯಾಗಿದ್ದವನೇ.)

2002ರ ಕಾನೂನಿನಲ್ಲಿ ನಮಗೆ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಬಹರೈನಿನಲ್ಲಿ ಆಸ್ತಿ ಹೊಂದಿದ ವಿದೇಶೀಯರೂ ಪುರಸಭಾ ಚುನಾವಣೆಯಲ್ಲಿ ಮತ ಹಾಕಬಹುದು ಎಂದು ಅದು ಹೇಳಿತು. ಸಂಸತ್ತಿಗೆ ಅಲ್ಲ, ಪುರಸಭೆಗೆ ಮಾತ್ರ. ಎಷ್ಟೋ ಮಂದಿಗೆ ಇದು ಗೊತ್ತೇ ಆಗಲಿಲ್ಲ. ಬಾಡಿಗೆಯ ಮೇಲೆ ಶೇಕಡಾ 10 ಕೊಡುವ ನಮ್ಮಂಥವರಿಗೆ ಮತವಿಲ್ಲ, ಫ್ಲಾಟ್ ಕೊಂಡವರಿಗೆ ಇದೆ ಎಂದಾಯಿತು. ನಾವು ಇಲ್ಲಿ ಅನ್ನ ಹುಡುಕಿ ಬಂದವರು, ಮತ ಕೇಳುವ ಹಕ್ಕು ನಮಗಿಲ್ಲ, ಅದರಲ್ಲಿ ಕೊರಗುವಂಥದ್ದೇನೂ ಇಲ್ಲ. ಆದರೂ ಕೊಡುವ ಹಣ ಯಾರ ಕೈಗೆ ಹೋಗುತ್ತದೆ ಎಂದು ತಿಳಿದಿರಬೇಕು.

2014ರಲ್ಲಿ ಮತ್ತೆ ಬದಲಾವಣೆ. ಮಧ್ಯ ಪ್ರಾಂತವನ್ನು ರದ್ದು ಮಾಡಿ ಅದರ ಭಾಗಗಳನ್ನು ಉಳಿದವುಗಳಿಗೆ ಹಂಚಲಾಯಿತು. ಮನಾಮಾದ ಚುನಾಯಿತ ಮಂಡಳಿಯ ಜಾಗದಲ್ಲಿ ರಾಜಾಜ್ಞೆಯ ಮೂಲಕ ನೇಮಕವಾಗುವ ಮಂಡಳಿ ಬಂತು. ಅಂದಿನಿಂದ ಪುರಸಭಾ ಚುನಾವಣೆ ಎಂದರೆ ಮುಹರಕ್‌ನ 8, ಉತ್ತರದ 12, ದಕ್ಷಿಣದ 10, ಒಟ್ಟು 30 ಸ್ಥಾನಗಳಿಗೆ. 2018, 2022ರ ಚುನಾವಣೆಗಳು ನಡೆದದ್ದೂ ಈ 30ಕ್ಕೇ. ರಾಜಧಾನಿಯ ನಾಗರಿಕರು ಸಂಸತ್ತಿಗೆ ಮತ ಹಾಕುತ್ತಾರೆ, ಪುರಸಭೆಗೆ ಹಾಕುವುದಿಲ್ಲ. ಜುಫೈರ್‌ನಲ್ಲಿ ಸಾಲ ಮಾಡಿ ಫ್ಲಾಟ್ ಕೊಂಡ ನನ್ನ ಗೆಳೆಯನಿಗೆ ಇದನ್ನು ಹೇಳಿದಾಗ, "ಅಯ್ಯೋ, ಓಟು ಇತ್ತು ಅನ್ನುವುದೇ ಗೊತ್ತಿರಲಿಲ್ಲ, ಈಗ ಹೋಯ್ತು ಅಂತೀರಿ!" ಎಂದು ತಲೆ ಕೆರೆದುಕೊಂಡ.

ರಾಜಧಾನಿಯ ಆ ಸಂಸ್ಥೆಯ ಅರಬ್ಬಿ ಹೆಸರು 'ಅಮಾನತ್ ಅಲ್ ಆಸಿಮಾ'. ಕೇಳಿದ ಕೂಡಲೇ ನನಗೆ ನಗು ಬಂತು. ಕನ್ನಡದಲ್ಲಿ ನಮಗೆ ಅಮಾನತು ಎಂದರೆ ಗೊತ್ತಲ್ಲ, ನೌಕರನನ್ನು ಕೆಲಸದಿಂದ ತಡೆದು ಕೂರಿಸುವುದು! ಆದರೆ ಮೂಲ ಅರಬ್ಬಿಯಲ್ಲಿ ಅದರ ಅರ್ಥ ನಂಬಿಕೆಯಿಂದ ಒಬ್ಬರ ವಶಕ್ಕೆ ಒಪ್ಪಿಸಿದ್ದು. ನಮ್ಮಲ್ಲೂ ಹಿಂದೆ ಠೇವಣಿ ಇಟ್ಟ ಹಣಕ್ಕೆ ಅಮಾನತು ಎನ್ನುತ್ತಿದ್ದರು. ಒಂದೇ ಶಬ್ದ ಸಮುದ್ರ ದಾಟುವಾಗ ಹೇಗೆ ತಿರುಗಿಕೊಂಡಿತು ನೋಡಿ.

ಆದರೆ ಊರಿನಲ್ಲಿ ಒಂದು ಪುರಸಭೆ ಕನ್ನಡದ ಅರ್ಥದಲ್ಲೇ ಅಮಾನತಾದದ್ದನ್ನು ನಾನು ಕಂಡಿದ್ದೇನೆ. ಆ ಕಥೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಮೊದಲು ನಮ್ಮ ಕಡೆಯ ವ್ಯವಸ್ಥೆ. ಕರ್ನಾಟಕದಲ್ಲಿ ಜನಸಂಖ್ಯೆ ನೋಡಿ ಪಟ್ಟಣ ಪಂಚಾಯತ್, ಪುರಸಭೆ, ನಗರಸಭೆ, ಮಹಾನಗರಪಾಲಿಕೆ ಎಂದು ನಾಲ್ಕು ಮೆಟ್ಟಿಲು. ಇಪ್ಪತ್ತು ಸಾವಿರದಿಂದ ಐವತ್ತು ಸಾವಿರದವರೆಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದವರೆಗೆ ನಗರಸಭೆ. ಮೇಯರ್ ಇರುವುದು ಪಾಲಿಕೆಗೆ ಮಾತ್ರ. ಮಂಗಳೂರಿನ 60 ವಾರ್ಡುಗಳಿಗೆ ನಾವು ಕಂಡ ಮೇಯರುಗಳೆಲ್ಲ ಒಂದೊಂದು ವರ್ಷದವರು. ಫೋಟೊ ಗೋಡೆಗೆ ಏರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ! ಉಡುಪಿಯದ್ದು 35 ವಾರ್ಡುಗಳ ನಗರಸಭೆ, ಅಲ್ಲಿ ಅಧ್ಯಕ್ಷರು, ಅವರ ಜೊತೆ ಪೌರಾಯುಕ್ತರು. ಪುರಸಭೆಯಾದರೆ ಅಧ್ಯಕ್ಷರು ಮತ್ತು ಮುಖ್ಯಾಧಿಕಾರಿ. ಅಧ್ಯಕ್ಷರನ್ನು ಜನ ನೇರ ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಆ ದಿನ ಶಾಸಕರಿಗೂ ಸಂಸದರಿಗೂ ಮತವಿದೆ, ಹಾಗಾಗಿ ಒಂದು ಪುರಸಭೆಯ ಕುರ್ಚಿಗೆ ಸಂಸದರು ಕಾರು ಹತ್ತಿ ಬರುವುದೂ ಉಂಟು. ಅಧ್ಯಕ್ಷ ಸ್ಥಾನ ಮೂವತ್ತು ತಿಂಗಳಿನದು, ಯಾವ ಅವಧಿ ಯಾವ ವರ್ಗಕ್ಕೆ, ಮಹಿಳೆಗೋ ಸಾಮಾನ್ಯಕ್ಕೋ ಎಂದು ಸರ್ಕಾರ ಮೀಸಲಾತಿ ಪಟ್ಟಿ ಹೊರಡಿಸಬೇಕು. ನಮ್ಮ ಕಾಸರಗೋಡಿನ ಮಿತ್ರರು ಇಲ್ಲಿ ನಗುತ್ತಾರೆ, ಕೇರಳದ ಕಾನೂನಿನಲ್ಲಿ ನಗರಸಭೆಯ ಅಧ್ಯಕ್ಷರಿಗೆ ಪೂರ್ತಿ ಐದು ವರ್ಷ.

2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನ ನಡೆಯಿತು, ಉಡುಪಿಯೂ ಅದರಲ್ಲಿತ್ತು. ನಮ್ಮ ಊರೂ ಇತ್ತು. ಕರಾವಳಿಯ ಒಂದು ಸಣ್ಣ ಪಟ್ಟಣ, ಹೆಸರು ಬೇಡ. ಸೆಪ್ಟೆಂಬರ್ ಮೊದಲ ವಾರ ಎಣಿಕೆ, ಪಟಾಕಿ, ಹೂವಿನ ಹಾರ. ಆಮೇಲೆ? ಮೀಸಲಾತಿ ಪಟ್ಟಿ ಸರಿಯಿಲ್ಲವೆಂದು ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಅಧ್ಯಕ್ಷರ ಆಯ್ಕೆ ನಿಂತಿತು. ಅಧ್ಯಕ್ಷರಿಲ್ಲದೆ ಮೊದಲ ಸಭೆಯಿಲ್ಲ, ಸಭೆಯಿಲ್ಲದೆ ಸದಸ್ಯರಿಗೆ ಅಧಿಕಾರವಿಲ್ಲ. ಒಂದೆರಡು ತಿಂಗಳಲ್ಲ, ಸರಿಸುಮಾರು ಎರಡು ವರ್ಷ! 2020ರ ಅಕ್ಟೋಬರ್, ನವೆಂಬರ್ ಹೊತ್ತಿಗೆ ಅಧ್ಯಕ್ಷರ ಆಯ್ಕೆಗಳಾದವು. ಐದು ವರ್ಷದ ಅವಧಿಯ ಲೆಕ್ಕ ಶುರುವಾಗುವುದು ಮೊದಲ ಸಭೆಯ ದಿನದಿಂದ, ಆದ್ದರಿಂದ 2018ರಲ್ಲಿ ಗೆದ್ದವರ ಅವಧಿ 2025ರವರೆಗೆ ಹೋಯಿತು. ನಡುವೆ ಆಡಳಿತಾಧಿಕಾರಿ ಇರುತ್ತಾರೆ. ಆದರೆ ಅವರು ಕಂದಾಯ ಇಲಾಖೆಯ ಅಧಿಕಾರಿ, ಹತ್ತು ಕೆಲಸದ ಜೊತೆ ಪುರಸಭೆ ಅವರಿಗೆ ಹನ್ನೊಂದನೆಯದು.

ನಮ್ಮ ಮನೆಯ ಚರಂಡಿಯ ಕಥೆ ನಡೆದದ್ದು ಈ ಎರಡು ವರ್ಷಗಳ ನಡುವೆ, 2019ರ ಮಳೆಗಾಲದಲ್ಲಿ. ಪಕ್ಕದಲ್ಲಿ ಯಾರೋ ಕಟ್ಟಡ ಕಟ್ಟಿಸಿ, ಉಳಿದ ಕಲ್ಲುಮಣ್ಣನ್ನು ರಸ್ತೆಬದಿಯ ಚರಂಡಿಗೆ ತಳ್ಳಿದ್ದರು. ಜುಲೈಯ ಒಂದು ರಾತ್ರಿ ಮಳೆ ಹೊಡೆದು ಚರಂಡಿ ನೀರೆಲ್ಲ ನಮ್ಮ ಅಂಗಳಕ್ಕೆ ಬಂತು, ಅಂಗಳದಿಂದ ಬಾವಿಗೆ. ಅಮ್ಮನಿಗೆ ಆಗ ಎಪ್ಪತ್ತೊಂದು, ಮನೆಯಲ್ಲಿ ಒಬ್ಬರೇ. ಬೆಳಿಗ್ಗೆ ಕೊಡಪಾನ ಇಳಿಸಿ ಎಳೆದರೆ ಕೆಂಪು ನೀರು, ವಾಸನೆ. ಪುರಸಭೆಯ ಕಚೇರಿಗೆ ಮೂರು ಸಲ ಹೋದರು. ಮೊದಲ ಸಲ ಅರ್ಜಿ ಕೊಡಿ ಎಂದರು, ಎರಡನೆಯ ಸಲ ಸಾಹೇಬರಿಲ್ಲ ಎಂದರು, ಮೂರನೆಯ ಸಲ ಅರ್ಜಿಯೇ ಸಿಗುತ್ತಿಲ್ಲ ಎಂದರು. ನಾನು ಇಲ್ಲಿಂದ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದೆ. ನೀರು ಕುದಿಸಿ ಕುಡಿಯಿರಿ ಎನ್ನುವುದನ್ನು ಬಿಟ್ಟರೆ ಮನಾಮಾದಲ್ಲಿ ಕೂತು ನಾನು ಮಾಡಬಹುದಾದದ್ದು ಇನ್ನೇನಿತ್ತು? ಹತ್ತನೆಯ ದಿನ ವಾಂತಿಭೇದಿಯಾಗಿ ಅಮ್ಮ ಆಸ್ಪತ್ರೆ ಸೇರಿದರು. ಮೂರು ದಿನ ಡ್ರಿಪ್. ಟಿಕೆಟ್ ಸಿಕ್ಕಿ ನಾನು ಊರು ಮುಟ್ಟುವಷ್ಟರಲ್ಲಿ ಅವರು ಮನೆಗೆ ಬಂದು ಗಂಜಿ ಉಣ್ಣುತ್ತಿದ್ದರು.

"ವಾರ್ಡಿನ ಮೆಂಬರಿಗೆ ಹೇಳಲಿಲ್ಲವಾ?" ಎಂದು ಕೇಳಿದೆ.

"ಹೇಳದೆ ಇರ್ತೇನಾ ಮಗಾ? ಪಾಪ, ಅವನಿಗೇ ಇನ್ನೂ ಕುರ್ಚಿ ಇಲ್ಲವಂತೆ. ದೊಡ್ಡಮ್ಮಾ, ನಾನು ಗೆದ್ದದ್ದು ಹೌದು, ಆದ್ರೆ ಆಫೀಸಿಗೆ ಹೋದ್ರೆ ನಿಮ್ಮ ಹಾಗೇ ಹೊರಗೆ ಬೆಂಚಿನಲ್ಲಿ ಕೂತ್ಕೊಳ್ಬೇಕು ಅಂದ."

ನನಗೆ ಸಿಟ್ಟು ಬಂದಿತ್ತು. ಸಂಜೆ ಆ ಹುಡುಗನನ್ನು ಹುಡುಕಿಕೊಂಡು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅಮ್ಮ ಅಂಗಳದಾಚೆ ಕೈ ತೋರಿಸಿದರು. ಚರಂಡಿ ಸ್ವಚ್ಛವಾಗಿತ್ತು! ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವನೇ ಪಂಚೆ ಎತ್ತಿ ಕಟ್ಟಿ, ಸ್ವಂತ ಖರ್ಚಿನಲ್ಲಿ ಇಬ್ಬರು ಕೂಲಿಯವರನ್ನು ಕರೆತಂದು, ಹಾರೆ ಪಿಕ್ಕಾಸು ಹಿಡಿದು ಅರ್ಧ ದಿನ ಕಲ್ಲುಮಣ್ಣು ತೆಗೆಸಿದ್ದ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ್ದ. ಪುರಸಭೆಯ ಒಂದು ರೂಪಾಯಿಯೂ ಇಲ್ಲ, ಒಂದು ಕಾಗದವೂ ಇಲ್ಲ. ನಾನು ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಅದೆಲ್ಲ ಬೇಡ ಅಣ್ಣ, ಮುಂದಿನ ಸಲ ದೊಡ್ಡಮ್ಮನ ಓಟು ನನಗೇ ಅಂತ ಗೊತ್ತುಂಟು" ಎಂದು ನಕ್ಕ.

ಅವನ ಲೆಕ್ಕಾಚಾರ ಅದೇ ಇರಲಿ, ನನಗೇನೂ ಬೇಸರವಿಲ್ಲ. ಒಂದು ವೋಟಿಗಾಗಿ ಚರಂಡಿಗೆ ಇಳಿಯುವ ಮನುಷ್ಯ ಇದ್ದಾನಲ್ಲ! ಆದರೆ ಅವನ ಕೈಯಲ್ಲಿ ಹಾರೆ ಇತ್ತು, ಅಧಿಕಾರ ಇರಲಿಲ್ಲ. ಅಂದು ಅವನು ಸಭೆಯಲ್ಲಿ ಕೂತಿದ್ದರೆ ಕಲ್ಲುಮಣ್ಣು ತಳ್ಳಿದವರಿಗೆ ನೋಟಿಸು ಹೋಗುತ್ತಿತ್ತು, ಆ ಬದಿಯ ಹತ್ತು ಮನೆಯ ಚರಂಡಿಗೂ ಹಣ ಇಡಿಸಬಹುದಿತ್ತು.

ಸಭೆಯೂ ಕುರ್ಚಿಯೂ ಇದ್ದಾಗ ಏನಾಗಬಹುದು ಎನ್ನುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1968ರಲ್ಲಿ ಉಡುಪಿ ಪುರಸಭೆಗೆ ಅಧ್ಯಕ್ಷರಾದ ಡಾ. ವಿ. ಎಸ್. ಆಚಾರ್ಯ ಆಗಿನ್ನೂ ಮೂವತ್ತು ತುಂಬದ ವೈದ್ಯ. ಅವರ ಕಾಲದಲ್ಲಿ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ಕೆಲವೇ ವರ್ಷಗಳಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ರಾಜ್ಯಕ್ಕೇ ಅದನ್ನು ನಿಷೇಧಿಸಿದರು. ಪಕ್ಷ ಬೇರೆ, ವಿಚಾರ ಬೇರೆ, ಆದರೆ ಇಬ್ಬರೂ ಹಿಡಿದದ್ದು ಊರಿನ ಅತ್ಯಂತ ಕೆಳಗಿನ ಕೆಲಸವನ್ನು. ಸಣ್ಣ ಊರಿನ ಅಧ್ಯಕ್ಷನ ಕುರ್ಚಿ ಸಣ್ಣದೆಂದು ಯಾರಾದರೂ ಹೇಳಿದರೆ ನಾನು ಈ ಕಥೆ ಹೇಳುತ್ತೇನೆ.

ಇಲ್ಲಿಗೆ ಬರೋಣ. ಮನಾಮಾದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ನಮ್ಮ ಕರಾವಳಿಯಲ್ಲಿ ಜುಲೈಯ ಒಂದೇ ದಿನ ಬಿದ್ದುಬಿಡುತ್ತದೆ. ಆದರೆ ಆ ನಾಲ್ಕು ಹನಿಗೇ ರಸ್ತೆ ಕೆರೆಯಾಗುತ್ತದೆ. 2024ರ ಏಪ್ರಿಲ್‌ನ ಮಳೆಯನ್ನು ಯಾರು ಮರೆತಿದ್ದೀರಿ? ನಮ್ಮ ಕಟ್ಟಡದ ಕೆಳಗೆ ಮೊಣಕಾಲು ನೀರು. ಕಾವಲುಗಾರನ ಸಲಹೆಯಂತೆ ಸರ್ಕಾರದ 'ತವಾಸುಲ್' ಎಂಬ ದೂರಿನ ವ್ಯವಸ್ಥೆಯಲ್ಲಿ ಮೊಬೈಲಿನಿಂದಲೇ ಫೋಟೊ ಸಹಿತ ದೂರು ಹಾಕಿದೆ. ದೂರಿಗೆ ಒಂದು ನಂಬರು ಬಂತು. ಮರುದಿನ ಟ್ಯಾಂಕರ್ ಬಂದು ಗೊರಗೊರ ಎಂದು ನೀರು ಹೀರಿಕೊಂಡು ಹೋಯಿತು. ಯಾರೂ ನನ್ನ ವೋಟು ಕೇಳಲಿಲ್ಲ, ನಾನು ಯಾರ ಬಾಗಿಲಲ್ಲೂ ನಿಲ್ಲಲಿಲ್ಲ. ಓದುಗರು ಇದನ್ನು ಉಪಯೋಗಿಸಿಕೊಳ್ಳಿ. ಕಸದ ಡಬ್ಬಿ, ಒಡೆದ ಕಾಲುದಾರಿ, ಕೆಟ್ಟ ದೀಪ, ಎಲ್ಲದಕ್ಕೂ ದೂರು ಹಾಕಬಹುದು, ಭಾಷೆ ಬಾರದೆಂದು ಹೆದರಬೇಕಾಗಿಲ್ಲ. ಅಮ್ವಾಜ್, ಮುಹರಕ್ ಕಡೆ ಇರುವವರು ತಮ್ಮ ಕ್ಷೇತ್ರದ ಮಂಡಳಿ ಸದಸ್ಯರು ಯಾರೆಂದು ತಿಳಿದುಕೊಂಡಿರುವುದೂ ಒಳ್ಳೆಯದು. ಅವರನ್ನು ಆರಿಸಿದವರು ನಿಮ್ಮ ನೆರೆಯವರು, ನೆರೆಯವರ ಬೀದಿಯೇ ನಿಮ್ಮ ಬೀದಿ.

ಆ ಟ್ಯಾಂಕರ್ ನೋಡಿ ನನಗೆ ಸಂತೋಷವಾದದ್ದು ನಿಜ. ಅದರ ಜೊತೆಗೆ ಊರಿನ ಆ ಹುಡುಗನೂ ನೆನಪಾದ. ಟ್ಯಾಂಕರಿನವನಿಗೆ ನಾನು ಒಂದು ನಂಬರು. ಆ ಹುಡುಗನಿಗೆ ನಮ್ಮಮ್ಮ ದೊಡ್ಡಮ್ಮ. ಎರಡೂ ಒಂದೇ ಊರಿನಲ್ಲಿ ಸಿಕ್ಕಿದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನ್ನಾಕೆಗೆ ಹೇಳಿದೆ. "ಅದಕ್ಕೆ ನೀವು ಎರಡು ಊರಿನಲ್ಲೂ ಹಣ ಕಟ್ಟುವುದು" ಎಂದಳು. ಹೌದು, ಇಲ್ಲಿ ಶೇಕಡಾ 10, ಅಲ್ಲಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮನೆ ತೆರಿಗೆ. ಇಲ್ಲಿ ಓಟಿಲ್ಲ. ಅಲ್ಲಿ ಮತದಾರರ ಪಟ್ಟಿಯಿಂದ ನನ್ನ ಹೆಸರು ಯಾವಾಗಲೋ ಹೋಗಿದೆ. 2011ರಿಂದ ಅನಿವಾಸಿಗಳೂ ಲೋಕಸಭೆ, ವಿಧಾನಸಭೆಗಳಿಗೆ ಹೆಸರು ಸೇರಿಸಿಕೊಳ್ಳಬಹುದಂತೆ, ಆದರೆ ಮತ ಹಾಕಲು ನಾವೇ ವಿಮಾನ ಹತ್ತಿ ಹೋಗಬೇಕು. ನಮ್ಮ ಮನೆಗೆ ಇರುವುದು ಒಂದೇ ಓಟು, ಅಮ್ಮನದು.

ಮಗಳ ಪ್ರಾಜೆಕ್ಟ್ ಮುಗಿಯಿತು. ಎರಡು ಚಿತ್ರ ಬರೆದಳು, ಒಂದು ಬಾಬ್ ಅಲ್ ಬಹರೈನ್, ಇನ್ನೊಂದು ಅಜ್ಜಿಮನೆಯ ಬಾವಿ. ಟೀಚರ್ ಬಾವಿಯ ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹತ್ತಕ್ಕೆ ಎಂಟು ಕೊಟ್ಟಿದ್ದಾರೆ.

ಕಳೆದ ಶುಕ್ರವಾರ ಅಮ್ಮನಿಗೆ ಫೋನು ಮಾಡಿ, ವಯಸ್ಸಾಯಿತು, ಒಬ್ಬರೇ ಇರುವುದು ಬೇಡ, ವೀಸಾ ಮಾಡಿಸುತ್ತೇನೆ, ಇಲ್ಲಿಗೇ ಬಂದುಬಿಡಿ ಎಂದೆ. ಎರಡು ನಿಮಿಷ ಸುಮ್ಮನಿದ್ದರು.

"ಬರ್ತೇನೆ ಮಗಾ. ಪುರಸಭೆಯ ಓಟು ಒಂದು ಮುಗಿಯಲಿ. ಆ ಹುಡುಗ ಈ ಸಲವೂ ನಿಲ್ತಾನಂತೆ."